ಹಳ್ಳಿಯ ಸುಖವೂ ಒಂದು ಇಳುವರಿಯೇ



ಪ್ರತಿ ವರ್ಷ ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ನಡೆಯುವ ಕೃಷಿ ಮೇಳದಲ್ಲಿ ನನ್ನ ಪಾಲಿಗೆ ಬರುವ ಕೆಲಸವೆಂದರೆ, ಬೆಳೆ ತಾಕುಗಳ ಬಳಿ ನಿಂತು ಬಂದವರ ಪ್ರಶ್ನೆಗಳಿಗೆ ಉತ್ತರ ಹೇಳುವುದು. ಎಕರೆಗೆ ಎಷ್ಟು ಬೀಜ? ಎಷ್ಟು ಗೊಬ್ಬರ? ಎಷ್ಟು ದಿನಕ್ಕೆ ಕೊಯ್ಲು? ಎಷ್ಟು ಕ್ವಿಂಟಾಲ್? ಈ ಪ್ರಶ್ನೆಗಳಿಗೆ ಉತ್ತರ ನಮ್ಮ ಬಾಯಲ್ಲಿ ಸಿದ್ಧವಾಗಿರುತ್ತದೆ. ಕೆಲವು ವರ್ಷಗಳ ಹಿಂದೆ ಮಾಗಡಿ ರಸ್ತೆಯ ಕಡೆಯಿಂದ ಬಂದಿದ್ದ ತಾಯಿಯೊಬ್ಬರು ರಾಗಿಯ ತಾಕಿನ ಮುಂದೆ ಬಹಳ ಹೊತ್ತು ನಿಂತಿದ್ದರು. ಗುಂಪು ಸ್ವಲ್ಪ ಕರಗಿದ ಮೇಲೆ ಹತ್ತಿರ ಬಂದು, ‘ಸ್ವಾಮಿ, ಇದರಲ್ಲಿ ಯಾವ ತಳಿ ಹಾಕಿದರೆ ನನ್ನ ಮಗನಿಗೆ ಹೆಣ್ಣು ಕೊಡ್ತಾರೆ?’ ಎಂದು ಕೇಳಿದರು.

ಸುತ್ತ ನಿಂತಿದ್ದವರು ನಕ್ಕರು. ನಾನೂ ನಕ್ಕೆ. ಆಕೆ ನಗಲಿಲ್ಲ. ಮೂರು ಎಕರೆ ಜಮೀನಿದೆ, ಕೊಳವೆ ಬಾವಿಯಿದೆ, ಎರಡು ಹಸುಗಳಿವೆ. ಮಗ ದುಶ್ಚಟಗಳಿಲ್ಲದವನು. ಆದರೂ ಐದು ವರ್ಷದಿಂದ ಹೆಣ್ಣು ಕೂಡಿಬಂದಿಲ್ಲ. ಅದೇ ಊರಿನಲ್ಲಿ ಜಮೀನು ಮಾರಿ, ನಗರದ ಕಾರ್ಖಾನೆಯೊಂದರಲ್ಲಿ ಸಣ್ಣ ಸಂಬಳಕ್ಕೆ ದುಡಿಯುವ ಹುಡುಗನಿಗೆ ಮದುವೆಯಾಗಿ ಮಗುವೂ ಆಯಿತು. ಇದು ಆಕೆ ಹೇಳಿದ ಸಂಗತಿ. ನನ್ನ ಬಳಿ ಉತ್ತರವಿರಲಿಲ್ಲ. ಬೆಂಕಿರೋಗ ತಡೆಯುವ ರಾಗಿ ತಳಿಯ ಕರಪತ್ರವೊಂದನ್ನು ಅವರ ಕೈಗೆ ಕೊಟ್ಟು ಕಳುಹಿಸಿದೆ.

ಇದು ಒಬ್ಬ ತಾಯಿಯ ದುಃಖ ಮಾತ್ರವಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ಯುವ ರೈತರು ಮದುವೆಗೆ ಹೆಣ್ಣು ಸಿಗಲಿ ಎಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಪತ್ರಿಕೆಗಳು ಅದನ್ನು ಬ್ರಹ್ಮಚಾರಿಗಳ ಪಾದಯಾತ್ರೆ ಎಂದು ಬರೆದವು. ಓದಿದವರಲ್ಲಿ ಅನೇಕರು ಅದನ್ನು ತಮಾಷೆ ಎಂದುಕೊಂಡರು. ಬೇಸಾಯ ವಿಜ್ಞಾನಿಯಾದ ನನಗೆ ಅದು ಬೆಳೆ ವಿಫಲವಾದ ಸುದ್ದಿಯಂತೆ ಕಂಡಿತು. ನಾವು ರಾಗಿಯ ಇಳುವರಿ ಹೆಚ್ಚಿಸಿದೆವು. ಆದರೆ ಆ ರಾಗಿ ಬೆಳೆಯುವ ಮನೆಯಲ್ಲಿ ಬಾಳುವೆ ಮಾಡಬೇಕೆಂಬ ಆಸೆ ಎಲ್ಲಿಯೋ ಕಡಿಮೆಯಾಗುತ್ತಾ ಬಂತು. ಈ ಎರಡನೆಯದನ್ನು ನಮ್ಮ ತಾಕುಗಳಲ್ಲಿ ಯಾರೂ ಅಳೆಯಲಿಲ್ಲ.

ಹಳ್ಳಿಯ ಬದುಕಿನ ಸಣ್ಣ ಸುಖಗಳು ಕವಿಗಳಿಗೆ ಬಿಟ್ಟ ವಿಷಯವಲ್ಲ, ಅವೂ ಬೇಸಾಯದ ಒಂದು ಇಳುವರಿ ಎಂಬುದು ಈ ಲೇಖನದಲ್ಲಿ ನಾನು ಮಂಡಿಸಲಿರುವ ಅಭಿಪ್ರಾಯ. ಹೊಲದಲ್ಲಿ ನಾವು ಮಾಡುವ ಬದಲಾವಣೆಗಳಿಂದ ಅವು ಹೆಚ್ಚುತ್ತವೆ, ಇಲ್ಲವೆ ಕಡಿಮೆಯಾಗುತ್ತವೆ. ಆದುದರಿಂದ ಅವುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸುಖ ಎಲ್ಲಿಂದ ಬರುತ್ತಿತ್ತು?

ನನ್ನ ಬಾಲ್ಯದ ಬೇಸಿಗೆ ರಜೆ, ಸಂಕ್ರಾಂತಿ ರಜೆಗಳು ಕಳೆದದ್ದು ತಾವರೆಕೆರೆ ಹೋಬಳಿಯ ಒಂದು ಹಳ್ಳಿಯಲ್ಲಿ, ತಾಯಿಯ ತವರಿನಲ್ಲಿ. 1980ರ ದಶಕದ ಕೊನೆಯ ಮಾತು. ಅಲ್ಲಿನ ಸುಖಗಳನ್ನು ಒಂದೊಂದಾಗಿ ನೆನೆಸಿಕೊಂಡು, ಪ್ರತಿಯೊಂದೂ ಎಲ್ಲಿಂದ ಬಂದಿತ್ತು ಎಂದು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಬಹುಪಾಲು ಎಲ್ಲವೂ ಬೇಸಾಯದ ಕೆಲಸದಿಂದಲೇ ಹುಟ್ಟಿದವು.

ರಾಗಿ ಹಾಲು ತುಂಬಿದ ಕಾಲದಲ್ಲಿ ಮಾವ ನಾಲ್ಕು ತೆನೆ ಕಿತ್ತು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ಉಜ್ಜಿ ಊದಿ, ಬೆಲ್ಲದ ಚೂರಿನೊಡನೆ ನಮಗೆ ಕೊಡುತ್ತಿದ್ದರು. ಕಣದಲ್ಲಿ ರೋಣಗಲ್ಲು ತಿರುಗುವಾಗ ನಾವು ಎತ್ತುಗಳ ಹಿಂದೆ ಸುತ್ತುತ್ತಿದ್ದೆವು. ಬೆಳದಿಂಗಳಿನಲ್ಲಿ ರಾಶಿ ಕಾಯಲು ಹೋದವರ ಜೊತೆ ಹುಲ್ಲಿನ ಮೇಲೆ ಮಲಗುತ್ತಿದ್ದೆವು. ರಾಶಿ ಪೂಜೆಯ ದಿನ ಕಣಕ್ಕೆ ಬಂದವರಾರೂ ಬರಿಗೈಯಲ್ಲಿ ಹೋಗುವಂತಿರಲಿಲ್ಲ. ಸಂಕ್ರಾಂತಿಯ ಸಂಜೆ ಮೈ ತೊಳೆದ ದನಗಳಿಗೆ ಕಿಚ್ಚು ಹಾಯಿಸುತ್ತಿದ್ದರು. ವಾರದ ಸಂತೆಯಿಂದ ಅಜ್ಜಿಯ ಸೀರೆಯ ಸೆರಗಿನಲ್ಲಿ ಕಡಲೆಪುರಿ, ಬೆಂಡು ಬತ್ತಾಸು ಬರುತ್ತಿದ್ದವು. ವರ್ಷಕ್ಕೊಮ್ಮೆ ಗಾಡಿ ಕಟ್ಟಿಕೊಂಡು, ಬುತ್ತಿ ಕಟ್ಟಿಕೊಂಡು ರಾಮೋಹಳ್ಳಿ ಬಳಿಯ ದೊಡ್ಡ ಆಲದ ಮರಕ್ಕೆ ಹೋಗುತ್ತಿದ್ದೆವು. ಸುಮಾರು ಮೂರು ಎಕರೆ ಹರಡಿಕೊಂಡಿರುವ ಆ ಒಂದೇ ಮರದ ಬಿಳಲುಗಳ ನಡುವೆ ಕಣ್ಣಾಮುಚ್ಚಾಲೆ ಆಡಿದರೆ ಹುಡುಕುವವನಿಗೆ ಸಾಯಂಕಾಲವಾಗುತ್ತಿತ್ತು.

ಇವುಗಳಲ್ಲಿ ಒಂದಕ್ಕೂ ಪ್ರತ್ಯೇಕ ಹಣ ಕೊಟ್ಟ ನೆನಪಿಲ್ಲ. ಸಂತೆಯ ಬತ್ತಾಸೊಂದನ್ನು ಬಿಟ್ಟು. ಕಣವಿದ್ದುದರಿಂದ ಬೆಳದಿಂಗಳ ರಾತ್ರಿಯಿತ್ತು. ಎತ್ತುಗಳಿದ್ದುದರಿಂದ ಕಿಚ್ಚು ಹಾಯಿಸುವ ಹಬ್ಬವಿತ್ತು. ಮುಯ್ಯಾಳಿನ ಪದ್ಧತಿಯಿದ್ದುದರಿಂದ ನಾಟಿಗೆ, ಕಳೆಗೆ ಹತ್ತು ಜನ ಒಟ್ಟಿಗೆ ಸೇರಿ ಪದ ಹೇಳುತ್ತಿದ್ದರು. ಯಂತ್ರ ಬಂದು ಒಂದೇ ಗಂಟೆಯಲ್ಲಿ ಒಕ್ಕಣೆ ಮುಗಿಸಿ, ರಾಗಿಯನ್ನು ಚೀಲಕ್ಕೆ ತುಂಬಿ ಹೋದಾಗ ಕಣವೂ ಹೋಯಿತು, ಅದರೊಡನೆ ಆ ರಾತ್ರಿಯೂ ಹೋಯಿತು. ಯಂತ್ರ ಬೇಡವೆಂದು ನಾನು ಹೇಳುತ್ತಿಲ್ಲ. ಒಕ್ಕಣೆಯ ದೂಳು ಕುಡಿದು ಕೆಮ್ಮಿದವರಿಗೆ ಯಂತ್ರದ ಬೆಲೆ ಗೊತ್ತು. ಕೆಲಸವನ್ನು ತೆಗೆಯುವಾಗ ಅದಕ್ಕೆ ಅಂಟಿಕೊಂಡಿದ್ದ ಸುಖವೂ ಹೋಗುತ್ತದೆ ಎಂಬುದನ್ನು ನಾವು ಗಮನಿಸಲಿಲ್ಲ, ಅದರ ಸ್ಥಾನದಲ್ಲಿ ಬೇರೇನನ್ನೂ ಇಡಲಿಲ್ಲ. ನಮ್ಮ ತಪ್ಪು ಅಷ್ಟೆ.

ಮಾಗಿಯ ಅವರೆ

ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ನಾನು ಈಗ ವಾಸವಾಗಿರುವುದು ವಿಜಯನಗರದಲ್ಲಿ. ಡಿಸೆಂಬರ್ ಎರಡನೆಯ ವಾರ ಬಂತೆಂದರೆ ಇಲ್ಲಿನ ಮಾರುಕಟ್ಟೆಯಲ್ಲಿ ಅವರೆಕಾಯಿಯ ರಾಶಿಗಳು ಏಳುತ್ತವೆ. ಕೊಳ್ಳುವವರು ಮೊದಲು ಬೆಲೆ ಕೇಳುವುದಿಲ್ಲ. ಒಂದು ಕಾಯಿ ಎತ್ತಿ ಮೂಸುತ್ತಾರೆ. ‘ಮಾಗಡಿ ಕಡೆಯದಾ?’ ಎನ್ನುತ್ತಾರೆ. ಬೆರಳಿಗೆ ಅಂಟುವ ಆ ಎಣ್ಣೆಯಂಥ ಪಸೆಯೇ ಸೊಗಡು. ಕಾಯಿಯ ಸಿಪ್ಪೆಯ ಮೇಲೆ ಸ್ರವಿಸುವ ಈ ಪಸೆಯಲ್ಲಿ ಕೊಬ್ಬಿನ ಆಮ್ಲಗಳಿರುತ್ತವೆ. ವಾಸನೆ ಬರುವುದು ಅವುಗಳಿಂದ. ಮನೆಯ ಮುಂದೆ ಕುಳಿತು ಕಾಯಿ ಸುಲಿಯುವುದು, ಕಾಳು ನೆನೆಹಾಕಿ ಹಿತುಕುವುದು, ಹಿತಕಿದ ಬೇಳೆ ಸಾರಿಗೆ ಬಿಸಿ ಮುದ್ದೆ ಮುರಿಯುವುದು ಇವೆಲ್ಲ ಬೆಂಗಳೂರು, ರಾಮನಗರ, ಕೋಲಾರದ ಮನೆಗಳಲ್ಲಿ ಚಳಿಗಾಲದ ಸಂಭ್ರಮ. ನಗರದ ವಿಶ್ವೇಶ್ವರಪುರದಲ್ಲಿ ಆರಂಭವಾದ ಅವರೆ ಮೇಳಕ್ಕೆ ಜನವರಿಯಲ್ಲಿ ಜನ ಸಾಲುಗಟ್ಟಿ ಬರುವುದನ್ನು ತಾವೂ ನೋಡಿರಬಹುದು.

ಈ ಸುಖಕ್ಕೆ ಒಂದು ಬೇಸಾಯದ ಕಾರಣವಿದೆ. ನಮ್ಮ ನಾಟಿ ಅವರೆ ಹಗಲಿನ ಉದ್ದವನ್ನು ಗುರುತಿಸುವ ಬೆಳೆ. ಮುಂಗಾರಿನಲ್ಲಿ ರಾಗಿಯೊಡನೆ ಬಿತ್ತಿದರೂ ಹಗಲು ಉದ್ದವಾಗಿರುವವರೆಗೆ ಬರೀ ಬಳ್ಳಿ ಬಿಡುತ್ತದೆ. ಹಗಲು ಕುಗ್ಗಿ ರಾತ್ರಿ ಬೆಳೆದಾಗ ಹೂವು ಕಟ್ಟುತ್ತದೆ. ಅಷ್ಟರಲ್ಲಿ ರಾಗಿ ಕೊಯ್ಲಾಗಿರುತ್ತದೆ. ಬಯಲಾದ ಹೊಲದಲ್ಲಿ ಇಬ್ಬನಿ ಕುಡಿದು ಅವರೆ ಹಬ್ಬುತ್ತದೆ. ಒಂದೇ ಹೊಲ, ಒಂದೇ ಉಳುಮೆ, ಎರಡು ಕೊಯ್ಲು. ಇದನ್ನು ನಮ್ಮ ಹಿರಿಯರು ಅಕ್ಕಡಿ ಸಾಲು ಎಂದರು. ಕೂರಿಗೆಯ ಹಿಂದೆ ಅಕ್ಕಡಿ ಕಾಳು ಬಿಡುತ್ತಾ ನಡೆಯುತ್ತಿದ್ದವಳು ನನ್ನ ಅಜ್ಜಿ. ಅವರೆ, ತೊಗರಿ, ಹುಚ್ಚೆಳ್ಳು, ಬದುವಿನ ಮೇಲೆ ಹರಳು. ಸಾರಿಗೆ ಬೇಳೆ, ಒಗ್ಗರಣೆಗೆ ಎಣ್ಣೆ, ದೀಪಕ್ಕೆ ಎಣ್ಣೆ ಎಲ್ಲವೂ ಆ ಸಾಲುಗಳಲ್ಲಿ ಅಡಗಿದ್ದವು. ಮಳೆ ಕೈಕೊಟ್ಟು ರಾಗಿ ಜೊಳ್ಳಾದ ವರ್ಷವೂ ಆಳಕ್ಕೆ ಬೇರು ಬಿಟ್ಟ ತೊಗರಿ ಮನೆಯನ್ನು ಹಿಡಿದು ನಿಲ್ಲಿಸುತ್ತಿತ್ತು.

ನಮ್ಮ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4ರಂಥ ತಳಿಗಳನ್ನು ಹೊರತಂದರು. ಇವು ಹಗಲಿನ ಉದ್ದಕ್ಕೆ ಕಾಯುವುದಿಲ್ಲ. ನೀರಿದ್ದರೆ ಯಾವ ಕಾಲದಲ್ಲಾದರೂ ಬೆಳೆಯಬಹುದು. ಗಿಡ ಕುಳ್ಳಗೆ, ಒಟ್ಟಿಗೆ ಕಾಯಿ ಬಿಡುತ್ತದೆ. ಇದರಿಂದ ಸಾವಿರಾರು ರೈತರಿಗೆ ಮಾಗಿಯಲ್ಲದ ಕಾಲದಲ್ಲೂ ಕಾಸು ಸಿಕ್ಕಿತು. ಇದು ಹೆಮ್ಮೆಯ ಸಾಧನೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಹೊಸ ತಳಿ ಬಂದೊಡನೆ ಹಳೆಯ ಅಕ್ಕಡಿ ಸಾಲನ್ನೂ ಮನೆಯ ಬಿತ್ತನೆ ಬೀಜವನ್ನೂ ಬಿಟ್ಟುಬಿಡಬೇಕೆಂದು ಯಾರೂ ಹೇಳಿರಲಿಲ್ಲ. ಅದನ್ನು ನಾವು, ತಾವು ಸೇರಿ ತಾನಾಗಿ ಆಗಲು ಬಿಟ್ಟೆವು. ಮಾರಾಟಕ್ಕೆ ಹೊಸ ತಳಿ, ಮನೆಯ ಮಾಗಿಗೆ ನಾಟಿ ಅವರೆ, ಎರಡಕ್ಕೂ ಒಂದೇ ಹಿಡುವಳಿಯಲ್ಲಿ ಜಾಗವಿದೆ.

ಕಳೆಯೊಳಗಿನ ಸೊಪ್ಪು

ಇನ್ನೊಂದು ಉದಾಹರಣೆಯಲ್ಲಿ ತಪ್ಪು ನನ್ನದೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೆಂಗೇರಿ ಹೋಬಳಿಯ ಒಂದು ಹೊಲದಲ್ಲಿ ರಾಗಿಗೆ ಕಳೆನಾಶಕ ಬಳಸುವ ಪ್ರಾತ್ಯಕ್ಷಿಕೆ ಏರ್ಪಡಿಸಿದ್ದೆ. ಫಲಿತಾಂಶ ಚೆನ್ನಾಗಿ ಬಂತು. ಕಳೆ ಕೀಳುವ ಕೂಲಿ ಉಳಿಯಿತು. ಕ್ಷೇತ್ರೋತ್ಸವದ ದಿನ ಮನೆಯ ಯಜಮಾನರು ಸಂತೋಷವಾಗಿದ್ದರು. ಆದರೆ ಅವರ ಹೆಂಡತಿ ಊಟ ಬಡಿಸುವಾಗ, ‘ಹೊಲ ಚೊಕ್ಕಟವಾಯ್ತು ಸ್ವಾಮಿ, ಇನ್ನು ಬೆರಕೆ ಸೊಪ್ಪಿಗೆ ಎಲ್ಲಿಗೆ ಹೋಗೋದು?’ ಎಂದರು. ‘ಪೇಟೆಯಿಂದ ತಂದರಾಯಿತು’ ಎಂದು ನಾನು ಹೇಳಿದೆ. ಆ ಉತ್ತರ ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ನಾನು ಕಳೆ ಎಂದು ಎಣಿಸಿ ತೂಕ ಹಾಕಿದ್ದ ಗಿಡಗಳಲ್ಲಿ ಅಣ್ಣೆ ಸೊಪ್ಪಿತ್ತು, ಹೊನಗೊನ್ನೆಯಿತ್ತು, ಗಣಿಕೆ ಸೊಪ್ಪಿತ್ತು, ಗೋಣಿ ಸೊಪ್ಪಿತ್ತು. ಆ ತಾಯಿ ಅವುಗಳನ್ನು ಮಡಿಲಿಗೆ ಕಿತ್ತು ತಂದು ಮಸ್ಸೊಪ್ಪು, ಬಸ್ಸಾರು ಮಾಡುತ್ತಿದ್ದರು. ಅದಕ್ಕೆ ಖರ್ಚಿರಲಿಲ್ಲ. ಮೂರು ನಾಲ್ಕು ಹೆಂಗಸರು ಮಾತನಾಡುತ್ತಾ ಹೊಲದಲ್ಲಿ ಸೊಪ್ಪು ಕೀಳುವ ಆ ಒಂದು ಗಂಟೆ, ದಿನದಲ್ಲಿ ಅವರಿಗೆ ಸಿಗುತ್ತಿದ್ದ ಏಕಮಾತ್ರ ಬಿಡುವಾಗಿತ್ತು. ನನ್ನ ವರದಿಯಲ್ಲಿ ಕಳೆಯ ತೂಕವಿತ್ತು, ಉಳಿದ ಕೂಲಿಯ ಲೆಕ್ಕವಿತ್ತು. ಸೊಪ್ಪಿನ ಲೆಕ್ಕವಿರಲಿಲ್ಲ.

ಪೇಟೆಯ ಸೊಪ್ಪಿನ ಬಗ್ಗೆಯೂ ಒಂದು ಮಾತು. ವೃಷಭಾವತಿ ನದಿ ನಗರದ ಪಶ್ಚಿಮ ಭಾಗದ ಚರಂಡಿ ನೀರನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ಕೆಂಗೇರಿಯ ಮೂಲಕ ಭೈರಮಂಗಲದ ಕಡೆಗೆ ಹರಿಯುತ್ತದೆ. ಇಂಥ ನೀರಿನಲ್ಲಿ ಬೆಳೆದ ಸೊಪ್ಪು ನೋಡುವುದಕ್ಕೆ ಬಹಳ ಹಸಿರಾಗಿ, ಹುಲುಸಾಗಿ ಇರುತ್ತದೆ. ಆದರೆ ಭಾರ ಲೋಹಗಳು ಸಾಮಾನ್ಯವಾಗಿ ಕಾಳಿಗಿಂತ ಎಲೆಯಲ್ಲಿ ಹೆಚ್ಚು ಸೇರಿಕೊಳ್ಳುತ್ತವೆ. ತೊಳೆದರೆ ಹೋಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ. ಹೊಲದ ಉಚಿತ ಸೊಪ್ಪನ್ನು ಕೊಂದು ಪೇಟೆಯ ಸೊಪ್ಪು ತನ್ನಿ ಎಂದ ನನ್ನ ಸಲಹೆ ಎಂಥದು ಎಂಬುದನ್ನು ಈಗ ತಾವೇ ತೀರ್ಮಾನಿಸಿ.

ಯಾರ ಸುಖ?

ಇಲ್ಲಿಯವರೆಗೆ ಓದಿದವರಲ್ಲಿ ಕೆಲವರು, ವಿಶೇಷವಾಗಿ ಹೆಣ್ಣುಮಕ್ಕಳು, ‘ಹಳೆಯ ಕಾಲವನ್ನು ಹೊಗಳುವುದು ಸುಲಭ’ ಎಂದುಕೊಂಡಿರಬಹುದು. ಅವರು ಹೇಳುವುದು ಸರಿ. ಅಶ್ವತ್ಥ ಕಟ್ಟೆಯ ತಂಪಿನ ಬಗ್ಗೆ ನಾವು ಬರೆಯುತ್ತೇವೆ. ಆ ಕಟ್ಟೆಯ ಮೇಲೆ ಕುಳಿತಿದ್ದವರು ಗಂಡಸರು. ಅವರಲ್ಲೂ ಎಲ್ಲ ಜಾತಿಯವರಲ್ಲ. ನನ್ನ ಅಜ್ಜಿ ಬೀಸುವ ಪದ ಹೇಳುತ್ತಿದ್ದಳೆಂದು ನಾನು ಸಂತೋಷಪಡುತ್ತೇನೆ. ಆದರೆ ಕೋಳಿ ಕೂಗುವ ಮೊದಲೇ ಎದ್ದು ರಾಗಿ ಬೀಸಿದ ಆಕೆಯ ರಟ್ಟೆಯ ನೋವು ಕೊನೆಯವರೆಗೂ ಹೋಗಲಿಲ್ಲ. ಬಾವಿಯಿಂದ ನೀರು ಹೊತ್ತು, ಹಸಿ ಸೌದೆಯ ಹೊಗೆಯಲ್ಲಿ ಕಣ್ಣು ಕೆಡಿಸಿಕೊಂಡು, ಕತ್ತಲಾಗುವವರೆಗೆ ಬಯಲಿಗೆ ಹೋಗಲು ಕಾದ ಹೆಂಗಸರ ಲೆಕ್ಕವನ್ನೂ ಇದೇ ಪುಸ್ತಕದಲ್ಲಿ ಬರೆಯಬೇಕು.

ಹಿಟ್ಟಿನ ಗಿರಣಿ ಬಂದಾಗ ಬೀಸುವ ಪದ ನಿಂತಿತು. ಅದಕ್ಕಾಗಿ ಯಾವ ಹೆಂಗಸೂ ಅತ್ತದ್ದನ್ನು ನಾನು ಕಾಣೆ. ಆದುದರಿಂದ ಹಳೆಯದೆಲ್ಲ ಸುಖವೆಂದು ಯಾರೂ ತಿಳಿಯಬಾರದು. ಒಂದು ಪದ್ಧತಿಯನ್ನು ಉಳಿಸಿಕೊಳ್ಳಬೇಕೆ ಬೇಡವೆ ಎಂಬುದಕ್ಕೆ ನನ್ನ ಪರೀಕ್ಷೆ ಸರಳವಾದುದು: ಅದರ ಶ್ರಮ ಯಾರ ಮೇಲೆ ಬೀಳುತ್ತದೆ, ಸುಖ ಯಾರಿಗೆ ಸಿಗುತ್ತದೆ? ಎರಡೂ ಒಬ್ಬರಿಗೇ ಸೇರಿದರೆ ಉಳಿಸಿಕೊಳ್ಳಿ. ಶ್ರಮ ಒಬ್ಬರಿಗೆ, ಸುಖ ಇನ್ನೊಬ್ಬರಿಗೆ ಆದರೆ ಬದಲಾಯಿಸಿ. ಕೃಷಿ ಮೇಳದ ಆ ತಾಯಿಯ ಪ್ರಶ್ನೆಗೂ ಇದಕ್ಕೂ ಸಂಬಂಧವಿದೆ. ರೈತನನ್ನು ಒಲ್ಲೆ ಎನ್ನುವ ಹುಡುಗಿ ಅವರೆಕಾಯಿಯನ್ನು ಒಲ್ಲೆ ಎನ್ನುತ್ತಿಲ್ಲ. ತನ್ನ ತಾಯಿ ಪಟ್ಟ ಪಾಡನ್ನು ಒಲ್ಲೆ ಎನ್ನುತ್ತಿದ್ದಾಳೆ.

ಹೆಸರಿನಲ್ಲಿ ಮಾತ್ರ ಉಳಿದ ಹಳ್ಳಿಗಳು

ಈಗ ಬೆಂಗಳೂರಿನ ಪಶ್ಚಿಮ ದಿಕ್ಕನ್ನು ನೋಡಿ. ರಾಜಾಜಿನಗರಕ್ಕೆ 1949ರಲ್ಲಿ ಅಡಿಗಲ್ಲು ಬಿದ್ದಾಗ ಸುತ್ತಲೂ ಇದ್ದುದು ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಕುರುಬರಹಳ್ಳಿಯಂಥ ಊರುಗಳು. ವಿಜಯನಗರದ ಕೆಳಗೆ ಹೊಸಹಳ್ಳಿ, ಮಾರೇನಹಳ್ಳಿ, ಅತ್ತಿಗುಪ್ಪೆಗಳಿವೆ. ಕೆಂಗೇರಿ ಪುರಸಭೆ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿತು. ಮೆಟ್ರೊ ರೈಲು 2021ರಲ್ಲಿ ಕೆಂಗೇರಿಗೆ, 2023ರಲ್ಲಿ ಚಲ್ಲಘಟ್ಟಕ್ಕೆ ಬಂತು. ನಾಯಂಡಹಳ್ಳಿ, ಪಟ್ಟಣಗೆರೆ, ಚಲ್ಲಘಟ್ಟ ಎಂದು ರೈಲಿನಲ್ಲಿ ಹೆಸರು ಕೂಗುತ್ತಾರೆ. ಹಳ್ಳಿಗಳು ನಿಲ್ದಾಣದ ಫಲಕಗಳಾಗಿವೆ. ಮೈಸೂರು ರಸ್ತೆ ಮತ್ತು ಮಾಗಡಿ ರಸ್ತೆಗಳ ನಡುವೆ ನಾಡಪ್ರಭು ಕೆಂಪೇಗೌಡ ಬಡಾವಣೆಗಾಗಿ 12 ಗ್ರಾಮಗಳ 4,000 ಎಕರೆಗೂ ಹೆಚ್ಚು ಭೂಮಿಯನ್ನು ಗುರುತಿಸಲಾಯಿತು. ಅದರಲ್ಲಿ ರಾಗಿ, ಅವರೆ ಬೆಳೆದ ಹೊಲಗಳೇ ಬಹಳ.

ಉಲ್ಲಾಳದ ಕಡೆ ನನ್ನ ಬಂಧುಗಳ ಮನೆಯೊಂದಿದೆ. ಜಮೀನು ಬಡಾವಣೆಗೆ ಹೋದ ಮೇಲೆ ಮೂರು ಅಂತಸ್ತಿನ ಮನೆ ಕಟ್ಟಿ ಎರಡನ್ನು ಬಾಡಿಗೆಗೆ ಕೊಟ್ಟಿದ್ದಾರೆ. ಊಟಕ್ಕೆ, ಬಟ್ಟೆಗೆ ಕೊರತೆಯಿಲ್ಲ. ಮನೆಯ ಅಜ್ಜಿ ಮಾತ್ರ ಒಡೆದ ಪ್ಲಾಸ್ಟಿಕ್ ಡ್ರಮ್ಮುಗಳಿಗೆ ಮಣ್ಣು ತುಂಬಿಸಿ, ತಾರಸಿಯ ಮೇಲೆ ನಾಟಿ ಅವರೆ ಹಾಕಿದ್ದಾರೆ. ಬೀಜವನ್ನು ಬೂದಿ ಬೆರೆಸಿ, ಸೀರೆಯ ತುಂಡಿನಲ್ಲಿ ಕಟ್ಟಿ ಹಳೆಯ ಮನೆಯಿಂದ ತಂದದ್ದಂತೆ. ಒಂದು ವರ್ಷ ಅವರು ನನ್ನನ್ನು ಮೇಲೆ ಕರೆದುಕೊಂಡು ಹೋಗಿ, ‘ನೀನು ಓದಿದವನು, ಇದೇನು ಹೇಳಪ್ಪ’ ಎಂದರು. ಎರಡು ಡ್ರಮ್ಮಿನ ಬಳ್ಳಿಗಳು ಹೂ ತುಂಬಿ ನಿಂತಿದ್ದವು. ಬೀದಿಯ ಕಡೆಯ ಮೂರನೆಯದರಲ್ಲಿ ಎಲೆ ದಟ್ಟವಾಗಿತ್ತು, ಹೂವಿಲ್ಲ. ನೀರು ಒಂದೇ, ಗೊಬ್ಬರ ಒಂದೇ, ಬೀಜವೂ ಒಂದೇ.

ನಾನು ಸುತ್ತ ನೋಡಿದೆ. ಆ ಡ್ರಮ್ಮಿನ ನೇರಕ್ಕೆ ಬೀದಿದೀಪವಿತ್ತು. ರಾತ್ರಿಯಿಡೀ ಬೆಳಕು ಬೀಳುತ್ತಿದ್ದುದರಿಂದ ಆ ಗಿಡಕ್ಕೆ ರಾತ್ರಿಯೇ ಆಗುತ್ತಿರಲಿಲ್ಲ. ಹಗಲು ಕುಗ್ಗಿದ್ದು ಅದಕ್ಕೆ ತಿಳಿಯಲಿಲ್ಲ. ಇದನ್ನು ವಿವರಿಸಿದಾಗ ಅಜ್ಜಿ, ‘ಅಯ್ಯೋ, ಮಲಗೋಕೆ ಬಿಡ್ತಿಲ್ಲ ಅನ್ನು’ ಎಂದು ಅದರ ಮೇಲೆ ಸಂಜೆ ಒಂದು ಗೋಣಿ ಹೊದಿಸಲು ಶುರುಮಾಡಿದರು. ಸಂಕ್ರಾಂತಿಯ ಹೊತ್ತಿಗೆ ಒಂದು ಹಿಡಿ ಮೊಗ್ಗು ಬಂತು. ಆ ಒಂದು ಹಿಡಿ ಅವರೆಯಿಂದ ಆ ಮನೆಗೆ ಏನೂ ಆಗಬೇಕಾಗಿರಲಿಲ್ಲ. ಆದರೆ ಎಂಬತ್ತು ದಾಟಿದ ಹೆಂಗಸು ದಿನಕ್ಕೆರಡು ಬಾರಿ ಮೂರು ಅಂತಸ್ತು ಹತ್ತಿ ಇಳಿಯುವುದು ಯಾವ ಸುಖಕ್ಕಾಗಿ? ಆ ಸುಖ ತಮ್ಮ ಹೊಲದಲ್ಲಿ ಇನ್ನೂ ಇದೆ. ಅದರ ಬೆಲೆ ತಿಳಿಯಲು ಜಮೀನು ಹೋಗುವವರೆಗೆ ಕಾಯಬೇಕಾಗಿಲ್ಲ.

ದೂರದ ಹಳ್ಳಿಯೊಂದರ ಪಾಠ

ದಕ್ಷಿಣ ಫ್ರಾನ್ಸಿನ ಹಳ್ಳಿಗಳನ್ನು ನೋಡಲು ಪ್ರಪಂಚದ ಎಲ್ಲೆಡೆಯಿಂದ ಜನ ಹೋಗುತ್ತಾರೆ. ನಮ್ಮ ವಿಜಯನಗರ, ಬಸವೇಶ್ವರನಗರದ ಎಂಜಿನಿಯರುಗಳೂ ಲಕ್ಷಗಟ್ಟಲೆ ಖರ್ಚು ಮಾಡಿ ಹೋಗಿಬಂದು ಚಿತ್ರಗಳನ್ನು ತೋರಿಸುತ್ತಾರೆ. ಅವರು ಅಲ್ಲಿ ಕಾಣುವುದೇನು? ಮರಗಳ ನೆರಳಿನಲ್ಲಿ ವಾರದ ಸಂತೆ, ರೈತನೇ ತಂದು ಮಾರುವ ತರಕಾರಿ, ಆಡಿನ ಹಾಲಿನ ಗಿಣ್ಣು, ಮನೆಯ ಆಲಿವ್ ಎಣ್ಣೆ, ಊರಿನ ಚೌಕದಲ್ಲಿ ಲೋಹದ ಗುಂಡು ಉರುಳಿಸಿ ಆಡುವ ಹಿರಿಯರು. ನಮ್ಮ ಸಂತೆ, ನಮ್ಮ ಹುಚ್ಚೆಳ್ಳೆಣ್ಣೆ, ನಮ್ಮ ಕಟ್ಟೆಯ ಚೌಕಾಬಾರಕ್ಕಿಂತ ಅವು ಬಹಳ ಬೇರೆಯಲ್ಲ.

ವ್ಯತ್ಯಾಸ ಒಂದಿದೆ. ಅಲ್ಲಿನವರು ಈ ಸಣ್ಣ ಸುಖಗಳನ್ನು ಬೇಸಾಯದ ಲೆಕ್ಕದೊಳಗೆ ತಂದರು. ರೋಕ್‌ಫೋರ್ ಎಂಬ ಹಳ್ಳಿಯ ಗವಿಗಳಲ್ಲಿ ಹದಗೊಳಿಸುವ ಕುರಿಹಾಲಿನ ಗಿಣ್ಣಿಗೆ 1925ರಲ್ಲಿಯೇ ಕಾನೂನಿನ ರಕ್ಷಣೆ ಕೊಟ್ಟರು. ಆ ಊರಿನ ಹೆಸರನ್ನು ಬೇರೆ ಯಾರೂ ತಮ್ಮ ಗಿಣ್ಣಿನ ಮೇಲೆ ಹಾಕುವಂತಿಲ್ಲ. ಊರಿನ ರುಚಿ ಊರಿನ ರೈತನ ಆಸ್ತಿಯಾಯಿತು. ನಮ್ಮಲ್ಲಿ ದೇವನಹಳ್ಳಿಯ ಚಕ್ಕೋತ, ಬೆಂಗಳೂರು ನೀಲಿ ದ್ರಾಕ್ಷಿ, ಬೆಂಗಳೂರು ಗುಲಾಬಿ ಈರುಳ್ಳಿಗಳಿಗೆ ಭೌಗೋಳಿಕ ಗುರುತು ದೊರೆತಿದೆ. ಆದರೆ ಗುರುತಿನ ಪತ್ರವೊಂದೇ ಸಾಲದು. ಅದನ್ನು ಬೆಳೆಯುವ ಹೊಲ, ಉಳಿಸುವ ಬೀಜ, ಮಾರುವ ಸಂತೆ ಇರಬೇಕು. ಇಲ್ಲವಾದರೆ ಹೆಸರು ರೈಲು ನಿಲ್ದಾಣದ ಫಲಕದಂತೆ ಉಳಿಯುತ್ತದೆ.

ತಾವು ಏನು ಮಾಡಬಹುದು?

ಅಭಿಪ್ರಾಯ ಹೇಳಿ ಕೈತೊಳೆದುಕೊಳ್ಳುವುದು ವಿಸ್ತರಣಾ ಪತ್ರಿಕೆಯ ಪದ್ಧತಿಯಲ್ಲ. ಈ ಮುಂದಿನ ಕೆಲಸಗಳಿಗೆ ಹೆಚ್ಚು ಹಣ ಬೇಡ.

ಮೊದಲನೆಯದಾಗಿ, ರಾಗಿಯನ್ನು ಒಂಟಿಯಾಗಿ ಬೆಳೆಯಬೇಡಿ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕುವ ಪದ್ಧತಿಯನ್ನು ವಿಶ್ವವಿದ್ಯಾನಿಲಯವೇ ಶಿಫಾರಸು ಮಾಡಿದೆ. ಅದರೊಡನೆ ಹೊಲದ ಒಂದು ಮಗ್ಗುಲಿನಲ್ಲಾದರೂ ನಾಟಿ ಅವರೆ, ಹುಚ್ಚೆಳ್ಳು ಇರಲಿ. ಹುಚ್ಚೆಳ್ಳಿನ ಹೂವಿಗೆ ಜೇನು ಬರುತ್ತದೆ; ಪಕ್ಕದ ಬೆಳೆಗೂ ಅನುಕೂಲ.

ಎರಡನೆಯದಾಗಿ, ಮನೆಯ ಬಿತ್ತನೆ ಬೀಜ ಉಳಿಸಿ. ಸೊಗಡು ಚೆನ್ನಾಗಿರುವ, ಕಾಯಿಕೊರಕ ತಗುಲದ ಬಳ್ಳಿಗಳಿಗೆ ದಾರ ಕಟ್ಟಿ ಗುರುತು ಮಾಡಿ, ಅವುಗಳ ಕಾಯಿಯನ್ನು ಬಳ್ಳಿಯಲ್ಲೇ ಒಣಗಲು ಬಿಡಿ. ಕಾಳನ್ನು ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿ ಇಡುವ ಹಳೆಯ ಕ್ರಮ ಇಂದಿಗೂ ಒಳ್ಳೆಯದೇ. ಬೀಜ ಕಾಯುವುದು ಬಲ್ಲ ಹಿರಿಯ ಹೆಂಗಸರನ್ನು ಕೇಳಿ ಕಲಿಯಿರಿ. ಈ ವಿಷಯದಲ್ಲಿ ಅವರೇ ವಿಜ್ಞಾನಿಗಳು.

ಮೂರನೆಯದಾಗಿ, ಕಳೆನಾಶಕ ಬಳಸುವವರು ಮನೆಗೆ ಹತ್ತಿರವಿರುವ ಐದಾರು ಗುಂಟೆಯನ್ನು ಸಿಂಪಡಿಸದೆ ಬಿಡಿ. ಗಾಳಿ ಬೀಸುವ ಕಡೆಗೆ ಬಿಟ್ಟರೆ ಪ್ರಯೋಜನವಿಲ್ಲ. ಗಾಳಿ ಬರುವ ಕಡೆಗೆ ಬಿಡಿ. ಅಲ್ಲಿ ಬೆರಕೆ ಸೊಪ್ಪು ಬೆಳೆಯಲಿ. ಇನ್ನೊಂದು ಗುಂಟೆ ಹಿತ್ತಲಿನಲ್ಲಿ ನುಗ್ಗೆ, ಕರಿಬೇವು, ನಿಂಬೆ, ಪರಂಗಿ ಇರಲಿ. ಬಚ್ಚಲ ನೀರು ಸಾಕು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಮನೆಯ ಆದಾಯದಲ್ಲಿ ಉಳಿಕೆಯಾದಾಗ ಮೊದಲ ಹಣವನ್ನು ಹೆಂಗಸರ ಶ್ರಮ ಇಳಿಸುವುದಕ್ಕೆ ಹಾಕಿ. ಅಡುಗೆ ಮನೆಗೆ ನಲ್ಲಿ, ಹೊಗೆಯಿಲ್ಲದ ಒಲೆ, ಕೊಟ್ಟಿಗೆಗೆ ಮೇವು ಕತ್ತರಿಸುವ ಯಂತ್ರ, ಮನೆಗೆ ಹೊಂದಿದ ಶೌಚಗೃಹ. ಎರಡನೆಯ ಮೋಟಾರು ಸೈಕಲ್ ಆಮೇಲೆ ಬರಲಿ. ಹಾಲಿನ ಹಣ, ಸೊಪ್ಪಿನ ಹಣ ದುಡಿದವರ ಕೈಯಲ್ಲೇ ಇರಲಿ.

ಐದನೆಯದಾಗಿ, ಊರಿನಲ್ಲಿ ಸೇರುವ ಜಾಗವೊಂದನ್ನು ಉಳಿಸಿ, ಅದು ಎಲ್ಲರದೂ ಆಗಲಿ. ಕಟ್ಟೆಯಾಗಲಿ, ಕೆರೆಯ ಏರಿಯಾಗಲಿ, ಶಾಲೆಯ ಅಂಗಳವಾಗಲಿ. ಸಂಜೆ ಹೆಂಗಸರೂ ಯಾವ ಜಾತಿಯವರೂ ಅಂಜದೆ ಕುಳಿತುಕೊಳ್ಳುವ ಕಟ್ಟೆಯಿರುವ ಊರನ್ನು ಬಿಟ್ಟುಹೋಗಲು ಮಕ್ಕಳು ಎರಡು ಬಾರಿ ಯೋಚಿಸುತ್ತಾರೆ.

ಬೆಲೆ, ಮಳೆ, ಸಾಲ ಇವುಗಳ ಕಷ್ಟವನ್ನು ನಾನು ಮರೆತಿಲ್ಲ. ಹೊಟ್ಟೆಗಿಲ್ಲದವನಿಗೆ ಬೆಳದಿಂಗಳು ತೋರಿಸುವುದು ಅನ್ಯಾಯ. ನ್ಯಾಯವಾದ ಬೆಲೆಗೆ ಹೋರಾಡಲೇಬೇಕು. ಆದರೆ ನಮ್ಮ ಭಾಗದಲ್ಲಿ ಒಳ್ಳೆಯ ಬೆಳೆ, ಒಳ್ಳೆಯ ಬೆಲೆ ಎರಡೂ ಬಂದ ಮನೆಗಳಿಂದಲೇ ಮಕ್ಕಳು ಹೊರಟುಹೋಗಿರುವುದನ್ನು ನಾನು ಕಂಡಿದ್ದೇನೆ. ಹಣವೊಂದೇ ಅವರನ್ನು ಹಿಡಿದು ನಿಲ್ಲಿಸಲಿಲ್ಲ.

ಆ ತಾಯಿ ಮುಂದಿನ ಕೃಷಿ ಮೇಳಕ್ಕೆ ಬಂದರೆ ಈ ಬಾರಿ ಕರಪತ್ರ ಕೊಟ್ಟು ಕಳುಹಿಸುವುದಿಲ್ಲ. ಹೀಗೆ ಹೇಳಬೇಕೆಂದಿದ್ದೇನೆ: ತಾಯಿ, ರಾಗಿಯ ತಳಿ ತಮ್ಮ ಮಣ್ಣಿಗೆ ಹೊಂದುವುದನ್ನು ಯಾವುದಾದರೂ ಹಾಕಿ. ಮನೆಗೆ ಬರುವ ಹುಡುಗಿ ಸಂಜೆ ಐದು ಗಂಟೆಗೆ ಕೈಕಾಲು ತೊಳೆದು, ತಮ್ಮ ಪಕ್ಕದಲ್ಲಿ ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುವಂತಿರಬೇಕು. ತಮ್ಮ ಮಗನೂ ಎದುರಿಗೆ ಕುಳಿತು ಸುಲಿಯಬೇಕು. ಅಂಥ ಮನೆಯೆಂದು ಊರಿನಲ್ಲಿ ನಾಲ್ಕು ಜನರಿಗೆ ತಿಳಿಯಲಿ. ಆಮೇಲೆ ಹೆಣ್ಣು ಕೇಳಲು ಹೋಗಿ.